ಮನೆಯ ಮೊಲ ಅಗಲಿದಾಗ: ಕಣ್ಣೀರು ಬೇರೆ, ಶೋಕ ಬೇರೆ

ಕಳೆದ ವೈಶಾಖದ ಒಂದು ಮುಂಜಾನೆ ಎಪ್ಪತ್ತರ ಸಮೀಪದ ತಾಯಿಯೊಬ್ಬರು ಮೊಮ್ಮಗಳ ಕೈಹಿಡಿದು ನನ್ನ ಚಿಕಿತ್ಸಾಲಯಕ್ಕೆ ಬಂದರು. ಅವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಇಷ್ಟಲಿಂಗ. ಮಾತು ಮಿತ, ನಡೆ ಗಂಭೀರ. ಹತ್ತು ದಿನಗಳಿಂದ ಊಟ ರುಚಿಸುತ್ತಿಲ್ಲ, ರಾತ್ರಿ ನಿದ್ರೆಯಿಲ್ಲ, ಎದೆಯ ಮೇಲೆ ಕಲ್ಲಿಟ್ಟಂತೆ ಭಾರ ಎಂಬುದು ಅವರ ದೂರು. ಎದೆಯ ಭಾರವೆಂದಾಗ ನಾನು ಉದಾಸೀನ ಮಾಡುವುದಿಲ್ಲ. ಇಸಿಜಿ ತೆಗೆಸಿದೆ, ರಕ್ತದೊತ್ತಡ ಮತ್ತು ಸಕ್ಕರೆ ನೋಡಿಸಿದೆ. ಯಾವುದರಲ್ಲಿಯೂ ದೋಷ ಕಾಣಲಿಲ್ಲ. ನಾಡಿಯಲ್ಲಿ ಮಾತ್ರ ವಾತದ ಚಂಚಲತೆ ಸ್ಪಷ್ಟವಾಗಿತ್ತು.

ಮನೆಯಲ್ಲಿ ಏನಾದರೂ ನಡೆಯಿತೇ ಎಂದು ಕೇಳಿದೆ. ಅವರು ಏನೂ ಇಲ್ಲವೆಂದು ತಲೆಯಾಡಿಸಿದರು. ಆಗ ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು, "ಅಜ್ಜೀದು ಅರಳಿ ಸತ್ತುಹೋತ್ರಿ" ಎಂದಳು. ಅರಳಿ ಎಂಬುದು ಅವರ ಮನೆಯ ಮೊಲ. ಬಿಡಿಸಿದ ಹತ್ತಿಯಂತೆ ಬೆಳ್ಳಗಿದ್ದುದರಿಂದ ಆ ಹೆಸರು. ಆರು ವರ್ಷ ಅವರೊಡನೆ ಇತ್ತಂತೆ. ಆ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡರು. "ಒಂದ್ ಮೊಲಕ್ಕ ಹಿಂಗ ಅಳ್ತಾಳಂತ ಮಂದಿ ನಗತಾರ್ರೀ ಡಾಕ್ಟರ. ಅದಕ್ಕ ಯಾರ ಮುಂದೂ ಅತ್ತಿಲ್ಲ" ಎಂದರು.

ಅವರ ನಿಜವಾದ ವ್ಯಾಧಿ ಈ ಕೊನೆಯ ಮಾತಿನಲ್ಲಿತ್ತು. ಮೊಲ ಸತ್ತದ್ದರಿಂದ ದುಃಖವಾಯಿತು. ಆ ದುಃಖಕ್ಕೆ ನಾಚಿ ಕಣ್ಣೀರನ್ನು ನುಂಗಿದ್ದರಿಂದ ರೋಗವಾಯಿತು. ಸಾಕಿದ ಪ್ರಾಣಿಯನ್ನು ಕಳೆದುಕೊಂಡ ಭಕ್ತರು ನಮ್ಮ ನಡುವೆ ಅನೇಕರಿದ್ದಾರೆ. ಅವರಿಗೂ, ಅವರನ್ನು ಕಂಡು ನಗುವವರಿಗೂ ಈ ತಿಂಗಳು ಎರಡು ಮಾತು ಹೇಳಬೇಕೆನಿಸಿದೆ.

ಚರಕರ ಎರಡು ಪಟ್ಟಿಗಳು

ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದ ಹೆಸರೇ ವೇಗಗಳನ್ನು ತಡೆಯಬಾರದೆಂಬ ಅರ್ಥವುಳ್ಳದ್ದು. ಮಲ, ಮೂತ್ರ, ಸೀನು, ಆಕಳಿಕೆ, ಹಸಿವು, ಬಾಯಾರಿಕೆ, ನಿದ್ರೆ ಮುಂತಾಗಿ ದೇಹವು ಹೊರಹಾಕಲು ಅಥವಾ ಪಡೆಯಲು ಬಯಸುವ ಹದಿಮೂರು ವೇಗಗಳನ್ನು ಅಲ್ಲಿ ಎಣಿಸಲಾಗಿದೆ. ಆ ಹದಿಮೂರರಲ್ಲಿ ಕಣ್ಣೀರೂ ಒಂದು. ಬಂದ ಕಣ್ಣೀರನ್ನು ತಡೆದರೆ ನೆಗಡಿ, ಕಣ್ಣಿನ ರೋಗ, ಹೃದಯದ ಬಾಧೆ, ಅರುಚಿ, ತಲೆಸುತ್ತು ಉಂಟಾಗುತ್ತವೆ ಎಂದು ಆಚಾರ್ಯರು ಹೇಳುತ್ತಾರೆ. ಎದೆಯ ಭಾರ ಮತ್ತು ಅರುಚಿ ಎಂಬ ಎರಡು ಲಕ್ಷಣಗಳನ್ನು ಹೊತ್ತೇ ಆ ತಾಯಿ ನನ್ನ ಬಳಿ ಬಂದಿದ್ದರು. ಇದಕ್ಕೆ ಗ್ರಂಥವು ಹೇಳುವ ಚಿಕಿತ್ಸೆ ಬಹಳ ಸರಳ: ನಿದ್ರೆ, ಮದ್ಯ ಮತ್ತು ಪ್ರಿಯವಾದ ಮಾತುಕತೆ. ಮದ್ಯದ ಸಂಗ ನಮಗೆ ಬೇಡ. ಉಳಿದ ಎರಡೇ ಸಾಕು.

ಆದರೆ ಅದೇ ಅಧ್ಯಾಯದಲ್ಲಿ ಎರಡನೆಯ ಪಟ್ಟಿಯೊಂದಿದೆ. ಅದು ತಡೆಯಲೇಬೇಕಾದ ವೇಗಗಳ ಪಟ್ಟಿ. ಲೋಭ, ಭಯ, ಕ್ರೋಧ, ಈರ್ಷ್ಯೆ, ಅತಿಯಾದ ಮೋಹ ಇವುಗಳ ಜೊತೆಯಲ್ಲಿ ಶೋಕವನ್ನೂ ಆಚಾರ್ಯರು ಅಲ್ಲಿ ಸೇರಿಸಿದ್ದಾರೆ. ಮೊದಲ ಬಾರಿಗೆ ಓದುವ ವಿದ್ಯಾರ್ಥಿಗೆ ಇದು ವಿರೋಧವೆನಿಸುತ್ತದೆ. ಕಣ್ಣೀರನ್ನು ತಡೆಯಬೇಡ, ಶೋಕವನ್ನು ತಡೆ ಎಂದರೆ ಏನರ್ಥ? ನನಗೂ ಕಾಲೇಜಿನ ದಿನಗಳಲ್ಲಿ ಹಾಗೆಯೇ ಅನಿಸಿತ್ತು. ರೋಗಿಗಳನ್ನು ನೋಡುತ್ತ ಬಂದಂತೆ ಅದರ ಅರ್ಥ ತೆರೆದುಕೊಂಡಿತು. ಕಣ್ಣೀರು ದೇಹದ ವೇಗ; ಅದು ಬರುತ್ತದೆ, ಹರಿಯುತ್ತದೆ, ನಿಲ್ಲುತ್ತದೆ. ಶೋಕವು ಮನಸ್ಸಿನ ವೇಗ. ಅದಕ್ಕೆ ಲಗಾಮು ಹಾಕದಿದ್ದರೆ ಊಟ ಬಿಡಿಸುತ್ತದೆ, ನಿದ್ರೆ ಕೆಡಿಸುತ್ತದೆ, ಅವಸರದ ಕೆಲಸಗಳನ್ನು ಮಾಡಿಸುತ್ತದೆ. ಅಳುವವನು ಹಗುರಾಗುತ್ತಾನೆ, ಶೋಕದ ಹಿಂದೆ ಓಡುವವನು ಬಳಲುತ್ತಾನೆ.

ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. "ಅಳಬೇಡ" ಎಂದು ಕಣ್ಣೀರನ್ನು ತಡೆಯುತ್ತೇವೆ. "ನಾಳೆಯೇ ಇನ್ನೊಂದು ತಂದುಕೊಡುತ್ತೇನೆ" ಎಂದು ಶೋಕವು ಹೇಳಿದಂತೆ ಕುಣಿಯುತ್ತೇವೆ. ತಡೆಯಬಾರದ್ದನ್ನು ತಡೆದು, ತಡೆಯಬೇಕಾದದ್ದನ್ನು ಹರಿಯಬಿಡುತ್ತೇವೆ. ಈ ಲೇಖನದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಉಳಿದುದೆಲ್ಲ ಇದರ ವಿವರಣೆ.

'ಬರೀ ಒಂದು ಮೊಲ' ಎಂಬ ಮಾತು

ಮೊಲದಂಥ ಸಣ್ಣ ಪ್ರಾಣಿಯ ಸಾವು ಇಷ್ಟೇಕೆ ನೋಯಿಸಬೇಕು ಎಂದು ಕೇಳುವವರಿದ್ದಾರೆ. ಆ ತಾಯಿಯ ದಿನಚರಿಯನ್ನು ಕೇಳಿ ತಿಳಿದಾಗ ನನಗೆ ಉತ್ತರ ಸಿಕ್ಕಿತು. ಬೆಳಗಿನ ಲಿಂಗಪೂಜೆ ಮುಗಿದೊಡನೆ ಅವರು ಹಿತ್ತಲಿಗೆ ಹೋಗಿ ಗರಿಕೆ ಕಿತ್ತು ತರುತ್ತಿದ್ದರು. ಮಧ್ಯಾಹ್ನ ಊಟದ ಮುಂಚೆ ಅದರ ನೀರಿನ ಬಟ್ಟಲು ತೊಳೆದು ತುಂಬುತ್ತಿದ್ದರು. ಸಂಜೆ ಪಡಸಾಲೆಯಲ್ಲಿ ಕುಳಿತರೆ ಅದು ಬಂದು ಪಾದಕ್ಕೆ ಗದ್ದ ಒತ್ತಿ ಮಲಗುತ್ತಿತ್ತು. ಗಂಡ ತೀರಿಕೊಂಡು, ಮಗ ಬೇರೆ ಊರಿನಲ್ಲಿ ನೌಕರಿಯಲ್ಲಿದ್ದು, ಮೊಮ್ಮಗಳು ರಜೆಗಷ್ಟೇ ಬರುವ ಆ ಮನೆಯಲ್ಲಿ ಅವರ ದಿನಚರ್ಯೆ ಆ ಜೀವದ ಸುತ್ತ ಹೆಣೆದುಕೊಂಡಿತ್ತು. ಅದು ಹೋದಾಗ ದಿನದ ಕಟ್ಟೇ ಸಡಿಲವಾಯಿತು. ದಿನಚರ್ಯೆ ತಪ್ಪಿದರೆ ವಾತ ಕೆರಳುತ್ತದೆ ಎಂಬುದು ಆಯುರ್ವೇದದ ಮೊದಲ ಪಾಠಗಳಲ್ಲೊಂದು.

ಪ್ರಾಣಿಗಾಗಿ ಅಳುವುದು ಪಟ್ಟಣದವರ ಹೊಸ ಶೋಕಿಯೆಂದು ತಿಳಿಯುವುದೂ ತಪ್ಪು. ನನ್ನ ಬಾಲ್ಯದಲ್ಲಿ ಎತ್ತು ಸತ್ತ ಮನೆಯಲ್ಲಿ ಅಂದು ಒಲೆ ಹೊತ್ತುತ್ತಿರಲಿಲ್ಲ. ನೆರೆಯವರು ರೊಟ್ಟಿ ಪಲ್ಯ ತಂದುಕೊಡುತ್ತಿದ್ದರು. ದೊಡ್ಡ ಮೀಸೆಯ ರೈತರು ಹೊಲದ ಬದುವಿನಲ್ಲಿ ಕುಣಿ ತೋಡುತ್ತ ಬಿಕ್ಕಿ ಅತ್ತುದನ್ನು ನಾನು ಕಂಡಿದ್ದೇನೆ, ಯಾರೂ ನಗಲಿಲ್ಲ. ಕಾರಹುಣ್ಣಿಮೆಗೆ ಎತ್ತಿನ ಮೈತೊಳೆದು ಕೋಡಿಗೆ ಬಣ್ಣ ಬಳಿದು ಮೆರೆಸುವ, ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವ ನಾಡು ನಮ್ಮದು. ಎತ್ತು ದುಡಿಯುತ್ತಿತ್ತು, ಮೊಲ ದುಡಿಯುವುದಿಲ್ಲ ಎಂದು ವಾದಿಸಬಹುದು. ಒಂಟಿ ಮನೆಯ ಸಂಜೆಯನ್ನು ಹಗುರಗೊಳಿಸುವುದೂ ದೊಡ್ಡ ಕೆಲಸವೇ ಎಂದು ನನ್ನ ಅಭಿಪ್ರಾಯ.

ಇನ್ನು ಕೆಲವರು ವೈರಾಗ್ಯದ ಮಾತೆತ್ತುತ್ತಾರೆ. ಲಿಂಗವಂತರು ಮೊಲಕ್ಕಾಗಿ ಕಣ್ಣೀರಿಡುವುದು ಮೋಹವಲ್ಲವೇ ಎನ್ನುತ್ತಾರೆ. ಹನ್ನೆರಡನೆಯ ಶತಮಾನದ ಶರಣರು ದಯೆಯನ್ನು ಮನುಷ್ಯರಿಗಷ್ಟೇ ಮೀಸಲಿಡಲಿಲ್ಲ. ಅಕ್ಕಮಹಾದೇವಿಯು ತನ್ನ ಅರಸುವಿಕೆಯಲ್ಲಿ ಹಕ್ಕಿಗಳನ್ನೂ ದುಂಬಿಗಳನ್ನೂ ಮಾತನಾಡಿಸಿದವಳು. ವೈರಾಗ್ಯವೆಂದರೆ ಕಲ್ಲಾಗುವುದಲ್ಲ. ಅತ್ತು, ಕಣ್ಣೊರೆಸಿಕೊಂಡು, ಮತ್ತೆ ತನ್ನ ಕಾಯಕಕ್ಕೆ ಮರಳಬಲ್ಲವರಲ್ಲಿ ಬೇಕಾದಷ್ಟು ವೈರಾಗ್ಯವಿದೆ.

'ನಾನೇ ಕೊಂದೆನೇ?'

ಎರಡನೆಯ ಭೇಟಿಯಲ್ಲಿ ಆ ತಾಯಿ ತಮ್ಮ ನಿಜವಾದ ಪ್ರಶ್ನೆಯನ್ನು ಹೊರಗಿಟ್ಟರು. ಅರಳಿ ಸತ್ತ ದಿನ ಅವರು ನೆರೆಯ ಊರಿಗೆ ಮದುವೆಗೆ ಹೋಗಿದ್ದರು. ನಾಯಿಗಳ ಭಯದಿಂದ ಮೊಲವನ್ನು ತಗಡಿನ ಮಾಡಿನ ಕೋಣೆಯಲ್ಲಿ ಇಟ್ಟು, ನೀರು ಹುಲ್ಲು ಇಟ್ಟು, ಬಾಗಿಲು ಹಾಕಿದ್ದರು. ಸಂಜೆ ಬಂದು ನೋಡಿದಾಗ ಅದು ಮಗ್ಗುಲಾಗಿ ಬಿದ್ದಿತ್ತು. "ನಾನಾ ಕೊಂದ್ನೇನ್ರೀ ಅದನ್ನ?" ಎಂದು ಕೇಳಿದರು.

ಇಂಥ ಪ್ರಶ್ನೆಗೆ "ಛೇ, ಹಾಗೇನಿಲ್ಲ" ಎಂದು ಹೇಳಿ ಕಳಿಸುವುದು ಸುಲಭ. ಆದರೆ ಸುಳ್ಳು ಸಮಾಧಾನವು ಔಷಧವಲ್ಲ. ರೋಗಿಯ ಮನಸ್ಸು ಅದನ್ನು ನಂಬುವುದಿಲ್ಲ. ನಾನು ತಿಳಿದದ್ದನ್ನು ಹೇಳಿದೆ. ಮೊಲವು ನಮ್ಮಂತೆ ಬೆವರಿ ಮೈ ತಂಪು ಮಾಡಿಕೊಳ್ಳಲಾರದು. ಅದರ ಉದ್ದ ಕಿವಿಗಳ ರಕ್ತನಾಳಗಳೇ ಮೈಯ ಶಾಖವನ್ನು ಹೊರಹಾಕುವ ಮುಖ್ಯ ದಾರಿ. ತಾಪಮಾನ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಕಷ್ಟ ಆರಂಭವಾಗುತ್ತದೆ; ನಮ್ಮ ವೈಶಾಖದ ಮಧ್ಯಾಹ್ನ ತಗಡಿನ ಕೆಳಗಿನ ಶಾಖ ಅದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಶಾಖದಿಂದಲೇ ಸತ್ತಿರುವ ಸಂಭವವಿದೆ. ಅದರೊಡನೆ ಇನ್ನೊಂದನ್ನೂ ತಿಳಿಯಬೇಕು. ಮೊಲವು ಬೇಟೆಗೆ ಗುರಿಯಾಗುವ ಪ್ರಾಣಿ. ಕಾಯಿಲೆಯನ್ನು ತೋರಿಸಿಕೊಂಡರೆ ವೈರಿಯ ಕಣ್ಣಿಗೆ ಬೀಳುವ ಭಯ ಅದರ ಸ್ವಭಾವದಲ್ಲೇ ಇದೆ. ಒಳಗೆ ನೋವಿದ್ದರೂ ಸುಮ್ಮನೆ ಕುಳಿತಿರುತ್ತದೆ. ಮೊಲ ಸಾಕಿದವರಲ್ಲಿ ಅನೇಕರಿಗೆ "ನಿನ್ನೆ ಚೆನ್ನಾಗಿಯೇ ಇತ್ತು" ಎಂಬ ಮಾತು ಉಳಿಯುವುದು ಇದರಿಂದಲೇ.

ಇಷ್ಟನ್ನು ಹೇಳಿ, "ತಾಯಿ, ಅದು ಒಂದು ದಿನ ನಿಮ್ಮ ತಿಳಿಯದ ತಪ್ಪಿನಿಂದ ಸತ್ತಿರಬಹುದು. ಆದರೆ ಆರು ವರ್ಷ ಬದುಕಿದ್ದು ನಿಮ್ಮ ತಿಳಿದ ಆರೈಕೆಯಿಂದ. ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ" ಎಂದೆ. ಅವರು ಅಂದು ನನ್ನೆದುರು ಮನಸಾರೆ ಅತ್ತರು. ನಾನು ತಡೆಯಲಿಲ್ಲ. ಅತ್ತ ಮೇಲೆ ಅರಳಿಯ ಕಥೆಗಳನ್ನು ಹೇಳಿದರು: ಪುರಾಣ ಪ್ರವಚನದ ಪುಸ್ತಕದ ಅಂಚು ಕಡಿದದ್ದು, ಕೊತ್ತಂಬರಿ ಸಿವುಡಿನ ವಾಸನೆಗೆ ಅಡುಗೆಮನೆಗೆ ಓಡಿ ಬರುತ್ತಿದ್ದದ್ದು. ಹೇಳುತ್ತ ಒಮ್ಮೆ ನಕ್ಕರು. ಪ್ರಿಯಕಥೆಯೇ ಚಿಕಿತ್ಸೆ ಎಂಬ ಸೂತ್ರವನ್ನು ನಾನು ಅಂದು ಕಣ್ಣಾರೆ ಕಂಡೆ.

ಮನಸ್ಸಿನ ದೋಷಗಳಿಗೆ ಚರಕರು ಹೇಳುವ ಉಪಾಯಗಳು ಐದು: ಜ್ಞಾನ, ವಿಜ್ಞಾನ, ಧೈರ್ಯ, ಸ್ಮೃತಿ, ಸಮಾಧಿ. ಪಶ್ಚಾತ್ತಾಪವನ್ನು ಈ ದಾರಿಗೆ ತಿರುಗಿಸಬಹುದು. ಏಕೆ ಹೀಗಾಯಿತೆಂದು ತಿಳಿಯುವುದು, ಮುಂದೆ ಯಾವ ಪ್ರಾಣಿಗೂ ಹಾಗಾಗದಂತೆ ನೋಡಿಕೊಳ್ಳುವುದು, ಸತ್ತುದನ್ನು ಮರೆಯದೆ ನೆನೆಯುವುದು. ಹೀಗೆ ತಿರುಗಿಸದೆ ಬಿಟ್ಟರೆ ಅದೇ ಪಶ್ಚಾತ್ತಾಪ ವಿಷಾದವಾಗುತ್ತದೆ. ರೋಗವನ್ನು ಬೆಳೆಸುವ ಕಾರಣಗಳಲ್ಲಿ ವಿಷಾದಕ್ಕೆ ಚರಕರು ಅಗ್ರಸ್ಥಾನ ಕೊಟ್ಟಿದ್ದಾರೆ.

ಮೊದಲ ದಿನಗಳ ಪಥ್ಯ

ಮೊದಲು ಸತ್ತ ಜೀವದ ವಿಚಾರ. ಸ್ವಂತ ಹಿತ್ತಲು ಅಥವಾ ಹೊಲವಿದ್ದರೆ ಬಾವಿ, ಕೊಳವೆಬಾವಿ, ಹಳ್ಳಗಳಿಂದ ದೂರದಲ್ಲಿ, ನಾಯಿಗಳು ಕೆದರದಷ್ಟು ಆಳವಾಗಿ, ಸುಮಾರು ಮೂರು ಅಡಿ ತೋಡಿ, ಹತ್ತಿಬಟ್ಟೆಯಲ್ಲಿ ಸುತ್ತಿ ಮಣ್ಣುಮಾಡಬೇಕು. ಕೆರೆಗೆ, ಕಸದ ತೊಟ್ಟಿಗೆ ಎಸೆಯಬಾರದು. ಜಾಗವಿಲ್ಲದ ಪಟ್ಟಣವಾಸಿಗಳು ನಗರಸಭೆಯನ್ನೋ ಪಶುವೈದ್ಯರನ್ನೋ ವಿಚಾರಿಸಬೇಕು. ವಿಧಿವಿಧಾನಗಳ ಆಡಂಬರ ಬೇಕಿಲ್ಲ. ಮನೆಯವರೆಲ್ಲ ಒಂದು ಕ್ಷಣ ಶಿವಧ್ಯಾನ ಮಾಡಿ ಒಂದೊಂದು ಹಿಡಿ ಮಣ್ಣು ಹಾಕಿದರೆ ಸಾಕು. ಆ ಒಂದು ಹಿಡಿ ಮಣ್ಣಿನಿಂದ ಸಾವು ನಿಜವಾಯಿತೆಂದು ಮನಸ್ಸು ಒಪ್ಪಿಕೊಳ್ಳುತ್ತದೆ.

ನಂತರ ನಮ್ಮ ದೇಹದ ವಿಚಾರ. ಮಿತವಾಗಿ ಉಂಡ ಹಿತವಾದ ಅನ್ನವೂ ಚಿಂತೆ, ಶೋಕ, ಭಯಗಳಿಂದ ಜೀರ್ಣವಾಗದು ಎಂದು ಚರಕ ಸಂಹಿತೆ ಹೇಳುತ್ತದೆ. ಭಯ ಮತ್ತು ಶೋಕಗಳಿಂದ ಹುಟ್ಟುವ ಅತಿಸಾರವನ್ನು ಅದು ಪ್ರತ್ಯೇಕವಾಗಿಯೇ ವಿವರಿಸುತ್ತದೆ. ಆದ್ದರಿಂದ ಮೊದಲ ವಾರ ಬಲವಂತದ ಭರ್ಜರಿ ಊಟ ಬೇಡ, ಉಪವಾಸವೂ ಬೇಡ. ಬಿಸಿಯಾದ ಅಕ್ಕಿಯ ಗಂಜಿ, ಹೆಸರುಬೇಳೆಯ ತೊವ್ವೆ, ಒಂದು ಚಮಚ ತುಪ್ಪ, ಶುಂಠಿ ಜೀರಿಗೆಯ ತಿಳಿಸಾರು ಸಾಕು. ಹೊತ್ತಿಗೆ ಸರಿಯಾಗಿ, ಸಾಧ್ಯವಾದರೆ ಯಾರಾದರೊಬ್ಬರ ಜೊತೆಯಲ್ಲಿ ಕುಳಿತು ಉಣ್ಣಬೇಕು. ಮಲಗುವ ಮುಂಚೆ ಅಂಗಾಲಿಗೆ ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ತಿಕ್ಕಿಕೊಂಡರೆ ವಾತ ಶಮನವಾಗಿ ನಿದ್ರೆಗೆ ಸಹಾಯವಾಗುತ್ತದೆ. ಎದ್ದು ನಡೆಯುವಾಗ ಜಾರದಂತೆ ಎಣ್ಣೆಯನ್ನು ಒರೆಸಿಕೊಳ್ಳಿ. ಸಂಜೆಯ ಚಹಾ ಕಾಫಿಗಳನ್ನು ಕೆಲವು ದಿನ ಬಿಡಿ.

ಮೊಲಕ್ಕೆಂದು ಮೀಸಲಾಗಿದ್ದ ಹೊತ್ತು ಬರಿದಾಗಿ ಉಳಿಯದಂತೆ ನೋಡಿಕೊಳ್ಳುವುದು ಬಹು ಮುಖ್ಯ. ಬೆಳಗಿನ ಗರಿಕೆಯ ಹೊತ್ತಿನಲ್ಲಿ ಗಿಡಗಳಿಗೆ ನೀರೆರೆಯಿರಿ. ಸಂಜೆಯ ಹೊತ್ತಿನಲ್ಲಿ ಇಷ್ಟಲಿಂಗ ನಿರೀಕ್ಷಣೆಯನ್ನು ಹತ್ತು ನಿಮಿಷ ಹೆಚ್ಚಿಸಿ, ಅಥವಾ ಮಠದ ದಾಸೋಹದಲ್ಲಿ ಕಾಯಿಪಲ್ಯ ಹೆಚ್ಚಲು ಹೋಗಿ.

ಇನ್ನೊಂದು ಎಚ್ಚರಿಕೆ. ಎದೆನೋವು, ಉಸಿರುಗಟ್ಟುವಿಕೆ ಬಂದರೆ "ದುಃಖದಿಂದ" ಎಂದು ಮನೆಯಲ್ಲೇ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ತೀವ್ರ ದುಃಖದಿಂದ ಹೃದಯದ ಸ್ನಾಯು ತಾತ್ಕಾಲಿಕವಾಗಿ ದುರ್ಬಲವಾಗುವ ಸ್ಥಿತಿಯನ್ನು ಜಪಾನಿನ ವೈದ್ಯರು 1990ರಲ್ಲಿ ತಕೊತ್ಸುಬೊ ಎಂಬ ಹೆಸರಿನಿಂದ ವಿವರಿಸಿದರು. ಅದು ಹೃದಯಾಘಾತದಂತೆಯೇ ಕಾಣಿಸಿಕೊಳ್ಳುತ್ತದೆ, ಋತುಬಂಧದ ನಂತರದ ಸ್ತ್ರೀಯರಲ್ಲಿ ಹೆಚ್ಚು. ಎರಡು ವಾರ ಕಳೆದರೂ ಊಟ ನಿದ್ರೆ ಸರಿಹೋಗದಿದ್ದರೆ, ಬದುಕೇ ಬೇಡವೆನಿಸಿದರೆ, ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ; ಕನ್ನಡದಲ್ಲಿಯೂ ಮಾತನಾಡಬಹುದು. ನಾನು ಆಯುರ್ವೇದ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಮಕ್ಕಳಿಗೆ ಸತ್ಯ ಹೇಳಿ

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ಎಂಟು ವರ್ಷದ ಹುಡುಗನೊಬ್ಬನನ್ನು ಹೊಟ್ಟೆನೋವೆಂದು ಕರೆತಂದಿದ್ದರು. ಅವನ ಮೊಲ ಸತ್ತಿತ್ತು. ಹಿರಿಯರು "ಅದು ಕಾಡಿಗೆ ಓಡಿಹೋಯಿತು" ಎಂದಿದ್ದರು. ನಾನೂ ಬೆನ್ನು ತಟ್ಟಿ, "ಗಂಡುಹುಡುಗ ಅಳಬಾರದು, ಅಪ್ಪ ಇನ್ನೊಂದು ತರ್ತಾರೆ" ಎಂದು ಜೀರ್ಣಕಾರಿ ಚೂರ್ಣ ಕೊಟ್ಟು ಕಳಿಸಿದೆ. ಆ ಹುಡುಗ ತಿಂಗಳುಗಟ್ಟಲೆ ದಿನವೂ ಸಂಜೆ ಬಾಗಿಲಲ್ಲಿ ಕುಳಿತು ಅದು ಬರುತ್ತದೆಂದು ಕಾಯುತ್ತಿದ್ದನಂತೆ. ತನ್ನನ್ನು ಬಿಟ್ಟು ಓಡಿಹೋಗುವಂಥದ್ದು ತಾನೇನು ಮಾಡಿದೆ ಎಂದು ತಾಯಿಯನ್ನು ಕೇಳಿದನಂತೆ. ನಾನು ಹೊಟ್ಟೆಗೆ ಔಷಧ ಕೊಟ್ಟೆ. ಅವನಿಗೆ ಬೇಕಾಗಿದ್ದದ್ದು ಸತ್ಯವಾಗಿತ್ತು.

ಮಕ್ಕಳಿಗೆ "ಸತ್ತಿದೆ" ಎಂದೇ ಹೇಳಿ. "ನಿದ್ರೆ ಹೋಯಿತು" ಎಂದರೆ ಕೆಲವು ಮಕ್ಕಳು ನಿದ್ರೆಗೇ ಹೆದರುತ್ತಾರೆ. ಇನ್ನು ಉಸಿರಾಡುವುದಿಲ್ಲ, ಅದಕ್ಕೆ ನೋವಾಗುವುದಿಲ್ಲ, ಮರಳಿ ಬರುವುದಿಲ್ಲ ಎಂದು ಸರಳವಾಗಿ ತಿಳಿಸಿ. ಮಣ್ಣುಮಾಡುವಾಗ ಬಯಸಿದರೆ ಜೊತೆಗೆ ಕರೆದುಕೊಳ್ಳಿ; ಬಯಸದಿದ್ದರೆ ಒತ್ತಾಯ ಬೇಡ. ಹಿರಿಯರು ಅಳುವುದನ್ನು ಮಗು ನೋಡಿದರೆ ಹಾನಿಯಿಲ್ಲ.

ಜೋಡಿಯಲ್ಲಿ ಉಳಿದದ್ದು

ಮೊಲಗಳು ಸಂಘಜೀವಿಗಳು. ಜೋಡಿಯಲ್ಲಿ ಒಂದು ಸತ್ತರೆ ಉಳಿದದ್ದು ಹುಡುಕುತ್ತದೆ, ಮಂಕಾಗುತ್ತದೆ, ಮೇವು ಬಿಡುತ್ತದೆ. ಸತ್ತುದರ ದೇಹದ ಬಳಿ ಅದನ್ನು ಒಂದೆರಡು ಗಂಟೆ ಬಿಡುವುದು ಒಳ್ಳೆಯದೆಂದು ಅನುಭವಸ್ಥರು ಹೇಳುತ್ತಾರೆ. ಮೂಸಿ ನೋಡಿದ ಮೇಲೆ ಹುಡುಕಾಟ ಕಡಿಮೆಯಾಗುತ್ತದೆ. ಸಾವು ಅಂಟುರೋಗದಿಂದ ಆಗಿರಬಹುದೆಂಬ ಸಂಶಯವಿದ್ದರೆ ಮಾತ್ರ ಹಾಗೆ ಬಿಡಬಾರದು. ನಿಮ್ಮ ದುಃಖದಲ್ಲಿ ಅದರ ಹೊಟ್ಟೆಯನ್ನು ಮರೆಯಬೇಡಿ. ಮೊಲದ ಕರುಳು ಸದಾ ಚಲಿಸುತ್ತಿರಬೇಕು. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಅದು ಪ್ರಾಣಾಪಾಯದ ಸೂಚನೆ, ಪಶುವೈದ್ಯರಲ್ಲಿಗೆ ಒಯ್ಯಿರಿ. ಮನುಷ್ಯರ ಚೂರ್ಣ, ಮಾತ್ರೆ, ಕಷಾಯಗಳನ್ನು ಅದಕ್ಕೆ ಕುಡಿಸಬೇಡಿ.

ಹೊಸ ಸಂಗಾತಿ ಯಾವಾಗ?

ಆ ತಾಯಿಯ ಮಗ ಒಳ್ಳೆಯವನು. ತಾಯಿಯ ಸಂಕಟ ನೋಡಲಾರದೆ ಮೂರನೆಯ ದಿನವೇ ಪೇಟೆಯಿಂದ ಅದೇ ಬಣ್ಣದ ಮರಿಯೊಂದನ್ನು ತಂದುಬಿಟ್ಟ. ಆಕೆ ಅದನ್ನು ಮುಟ್ಟಲೇ ಇಲ್ಲ. "ಅದರ ಜಾಗಾದಾಗ ಇದನ್ನ ಕುಂದರ್ಸಾಕ ಬಂದಾನ" ಎಂದು ಸಿಟ್ಟು. ಏನೂ ಅರಿಯದ ಮರಿಯ ಮೇಲೆ ಸಿಟ್ಟಾದೆನಲ್ಲ ಎಂದು ಮತ್ತೆ ದುಃಖ. ಅದು ಮಗನ ಪ್ರೀತಿಯೇ ಆದರೂ, ಅವಸರದಿಂದಾಗಿ ಒಂದು ನೋವು ಎರಡಾಯಿತು.

ಎಷ್ಟು ದಿನ ಕಾಯಬೇಕೆಂದು ಪಂಚಾಂಗ ನೋಡಿ ಹೇಳಲಾಗದು. ನಾನು ನನ್ನಲ್ಲಿಗೆ ಬಂದವರಿಗೆ ಮೂರು ಪ್ರಶ್ನೆಗಳನ್ನು ಕೇಳುತ್ತೇನೆ. ಅಗಲಿದ ಪ್ರಾಣಿಯ ಕಥೆಯನ್ನು ನಗುತ್ತ ಹೇಳಬಲ್ಲಿರಾ? ಹೊಸದಕ್ಕೆ ಅದೇ ಬಣ್ಣ, ಅದೇ ಹೆಸರು ಬೇಕೆನಿಸುತ್ತಿದೆಯೇ, ಅಥವಾ ಅದು ಬೇರೆಯೇ ಒಂದು ಜೀವವಾಗಿ ಬರಬಹುದೇ? ಅದರ ಪೂರ್ಣ ಆಯುಷ್ಯದ ಹೊಣೆ ಹೊರಬಲ್ಲಿರಾ? ಮೊದಲ ಎರಡಕ್ಕೆ ಸರಿಯಾದ ಉತ್ತರ ಬರುವವರೆಗೆ ಕಾಯುವುದು ಲೇಸು. ಶೋಕದ ಬೆನ್ನಿಗೇ ಅದನ್ನು ತುಂಬಿಕೊಳ್ಳುವ ಲೋಭವೂ ಬರುತ್ತದೆ. ಚರಕರು ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಇಟ್ಟದ್ದು ಸುಮ್ಮನೆ ಅಲ್ಲವೆನಿಸುತ್ತದೆ.

ಮೂರನೆಯ ಪ್ರಶ್ನೆ ವಯಸ್ಸಾದವರಿಗೆ ಕಠಿಣವಾದದ್ದು. ಚೆನ್ನಾಗಿ ಸಾಕಿದ ಮೊಲ ಎಂಟರಿಂದ ಹನ್ನೆರಡು ವರ್ಷ ಬದುಕುತ್ತದೆ. ಎಪ್ಪತ್ತರವರು ಮರಿಯನ್ನು ತಂದರೆ ತಮ್ಮ ಎಂಬತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಗೆಂದು ವೃದ್ಧರು ಸಾಕಲೇಬಾರದೆಂಬುದು ನನ್ನ ಮಾತಲ್ಲ. ನಾನು ಆಸ್ಪತ್ರೆ ಸೇರಿದರೆ, ನನ್ನ ನಂತರ, ಇದನ್ನು ಯಾರು ನೋಡುತ್ತಾರೆ ಎಂದು ಮನೆಯವರೊಡನೆ ಬಾಯಿಬಿಟ್ಟು ಮಾತಾಡಿ ಒಪ್ಪಿಗೆ ಪಡೆದು ತರಬೇಕು. ಮರಿಯ ಬದಲು, ಯಾರೋ ಸಾಕಲಾಗದೆ ಬಿಡಬೇಕೆಂದಿರುವ ವಯಸ್ಸಾದ ಮೊಲವನ್ನು ಆಶ್ರಯಕ್ಕೆ ತೆಗೆದುಕೊಳ್ಳುವುದು ಇನ್ನೂ ಉತ್ತಮ. ಮತ್ತೆ ಸಾಕುವ ಶಕ್ತಿಯಿಲ್ಲವೆನಿಸಿದರೆ ಹಕ್ಕಿಗಳಿಗೆ ನೀರಿಡುವುದು, ಗೋಶಾಲೆಯಲ್ಲಿ ವಾರಕ್ಕೊಮ್ಮೆ ಸೇವೆ ಮಾಡುವುದೂ ಒಡನಾಟವೇ.

ತರುವುದೆಂದು ನಿರ್ಧರಿಸಿದವರಿಗೆ ಕೆಲವು ತಿಳಿವಳಿಕೆಯ ಮಾತುಗಳು. ಆಹಾರದ ಬಹುಪಾಲು ಒಣಹುಲ್ಲು ಮತ್ತು ಹಸಿಹುಲ್ಲು ಇರಬೇಕು. ಮೊಲದ ಹಲ್ಲುಗಳು ಆಜೀವ ಬೆಳೆಯುತ್ತಲೇ ಇರುತ್ತವೆ; ಹುಲ್ಲು ಅಗಿಯದಿದ್ದರೆ ಸವೆಯುವುದಿಲ್ಲ. ಗಜ್ಜರಿ ಸಿಹಿಯಾದ್ದರಿಂದ ಚೂರು ಮಾತ್ರ. ಬ್ರೆಡ್ಡು, ಬಿಸ್ಕೀಟು, ಅನ್ನ ಬೇಡ. ಬರಿಯ ತಂತಿಯ ನೆಲದ ಪಂಜರದಿಂದ ಅಂಗಾಲು ಹುಣ್ಣಾಗುತ್ತದೆ. ಕಿವಿ ಹಿಡಿದು ಎತ್ತಬಾರದು. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ, ಮುಚ್ಚಿದ ಕಾರಿನಲ್ಲಿ ಎಂದಿಗೂ ಬಿಡಬಾರದು. ತಂಪಾದ ಕಲ್ಲಿನ ನೆಲ, ನೆರಳು, ಗಾಳಿ, ನೀರು ಬೇಕು. ಗಂಡು ಹೆಣ್ಣು ಜೊತೆಗಿಟ್ಟರೆ ಸುಮಾರು 31 ದಿನಗಳಿಗೇ ಮರಿಗಳಾಗುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಮೊದಲೇ ಪಶುವೈದ್ಯರನ್ನು ಕೇಳಿ. ಹಿಂದಿನ ಮೊಲ ರೋಗದಿಂದ ಸತ್ತಿದ್ದರೆ ಪಂಜರ, ಬಟ್ಟಲುಗಳನ್ನು ಚೆನ್ನಾಗಿ ತೊಳೆದು ಬಿಸಿಲಿಗಿಟ್ಟು, ವೈದ್ಯರ ಸಲಹೆ ಪಡೆದ ಮೇಲೆಯೇ ಹೊಸದು ಬರಲಿ.

ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಮನೆಗೆ ತರಬೇಡಿ. ನಮ್ಮ ನಾಡಿನ ಕಾಡುಮೊಲ ಬೇರೆಯೇ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ತಾಯಿಮೊಲ ಮರಿಯನ್ನು ಒಂಟಿಯಾಗಿ ಬಿಟ್ಟು ಹೊತ್ತಿಗೆ ಬಂದು ಹಾಲೂಡಿ ಹೋಗುವುದು ಅದರ ಸ್ವಭಾವ, ಅದು ಅನಾಥವಲ್ಲ. ಹಾಗೆಯೇ ಸಾಕುಮೊಲವನ್ನು ಕಾಡಿಗೋ, ಗುಡಿ ಮಠಗಳ ತೋಟಕ್ಕೋ ಬಿಟ್ಟರೆ ಪುಣ್ಯವೆಂದು ಭಾವಿಸುವವರಿದ್ದಾರೆ. ಸಾಕುಮೊಲದ ಪೂರ್ವಜರು ಸ್ಪೇನ್ ಕಡೆಯ ಐಬೀರಿಯಾ ಪ್ರದೇಶದವರು. ನಮ್ಮ ಬಯಲಿನಲ್ಲಿ ಅದಕ್ಕೆ ಬಿಲವಿಲ್ಲ, ಬಳಗವಿಲ್ಲ. ನಾಯಿ, ಮುಂಗುಸಿಗಳ ಬಾಯಿಗೆ ಬೀಳುತ್ತದೆ. ಅದು ಪುಣ್ಯವಲ್ಲ, ಹೊಣೆಯಿಂದ ಜಾರಿಕೊಳ್ಳುವುದು.

ಶ್ರಾವಣದಲ್ಲಿ ಆ ತಾಯಿ ಮತ್ತೆ ಬಂದರು, ಈ ಸಲ ಮೊಣಕಾಲು ನೋವಿಗೆ. ಮುಖದಲ್ಲಿ ಗೆಲುವಿತ್ತು. ಮಗ ತಂದ ಮರಿಯನ್ನು ಬೇಸಿಗೆ ರಜೆಯೆಲ್ಲ ಮೊಮ್ಮಗಳೇ ನೋಡಿಕೊಂಡಳಂತೆ. ಅವಳು ಶಾಲೆಗೆ ಮರಳುವ ದಿನ, "ಅಜ್ಜಿ, ನೀ ವಲ್ಲೆ ಅಂದ್ರ ನಾ ಒಯ್ತೀನಿ" ಎಂದಾಗ, ಇರಲಿ ಬಿಡು ಎಂದರಂತೆ. ಬೇರೆ ಹೆಸರಿಟ್ಟಿದ್ದಾರೆ. ಬೇರೆ ಬಟ್ಟಲು ಕೊಟ್ಟಿದ್ದಾರೆ. ತಮಗೇನಾದರೂ ಆದರೆ ಅದು ಮಗನ ಮನೆಗೆ ಹೋಗಬೇಕೆಂದು ಮಗನಿಂದ ಮಾತು ತೆಗೆದುಕೊಂಡಿದ್ದಾರೆ. ತಗಡಿನ ಕೋಣೆಗೆ ಬೀಗ ಬಿದ್ದಿದೆ. ಅರಳಿಯನ್ನು ಮಣ್ಣುಮಾಡಿದ ಜಾಗದಲ್ಲಿ ಗರಿಕೆ ದಟ್ಟವಾಗಿ ಬಂದಿದೆಯಂತೆ.

"ಅಲ್ಲಿ ಗರಿಕಿ ಕೀಳುವಾಗ ಇನ್ನೂ ಕಣ್ಣಾಗ ನೀರು ಬರ್ತಾವ್ರೀ" ಎಂದರು.

ಬರಲಿ, ತಡೆಯಬೇಡಿ ಎಂದೆ.